ಆಲ್ಡರ್‌ವಿಕ್ಕಿನ ಕಲ್ಲುಕಟ್ಟೆ

“ಕಳ್ಳ ಅಂತ ಅರಬಿಯಲ್ಲಿ ಹೊಡಿಲಿಕ್ಕೆ ನಿಮ್ಗೆ ಎಷ್ಟು ಹೊತ್ತು ಬೇಕು ತಾರಣ್ಣ?” ಎಂದ ಅನ್ಸಾಫ್, ಗೋಡೆ ಗಡಿಯಾರ ನೋಡುತ್ತ. “ಹನ್ನೆರಡೂಕಾಲು ಆಯ್ತು. ಒಂದು ಗಂಟೆಗೆ ಕಫೀಲನ ಆಫೀಸು ಬಂದ್. ಆಮೇಲೆ ಎರಡು ದಿನ ರಜೆ. ಯಲ್ಲಾ, ಬೇಗ.”

ತಾರಾನಾಥನ ಬೆರಳು ಕೀಲಿಮಣೆಯ ಮೇಲೆ ಇದ್ದಲ್ಲೇ ಇತ್ತು. ದೋಹಾದ ಅಲ್ ಮುಂತಜಾದ ಈ ಟೈಪಿಂಗ್ ಅಂಗಡಿಯಲ್ಲಿ ಕೂತ ಇಪ್ಪತ್ತೆರಡು ವರ್ಷಗಳಲ್ಲಿ ಅವನು ವೀಸಾ ಅರ್ಜಿ ಹೊಡೆದಿದ್ದ, ಬಾಡಿಗೆ ಕರಾರು ಹೊಡೆದಿದ್ದ, ಒಮ್ಮೆ ಒಂದು ಒಂಟೆಯ ಮೇಲೆ ದೂರನ್ನೂ ಹೊಡೆದಿದ್ದ. ಸ್ನೇಹಿತನ ಮೇಲೆ ಹೊಡೆಯುತ್ತಿರುವುದು ಇದೇ ಮೊದಲು.

ಆ ಸ್ನೇಹಿತ, ಡ್ರೈವರ್ ಯಾಕೂಬ್, ನಾಲ್ಕು ಹೆಜ್ಜೆ ಆಚೆ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದ. ಕಾಲ ಬಳಿ ಹಗ್ಗ ಬಿಗಿದ ದೊಡ್ಡ ರಟ್ಟಿನ ಪೆಟ್ಟಿಗೆ. ಅದರ ನಾಲ್ಕೂ ಬದಿಯಲ್ಲಿ ಮಾರ್ಕರ್ ಪೆನ್ನಿನಲ್ಲಿ ಬಜ್ಪೆಯ ವಿಳಾಸ. ಒಳಗೆ ಮಗಳು ಜುಮಾನಾಳ ನಿಕಾಹಿನ ಬಟ್ಟೆ. ನಾಳೆ ವಿಮಾನ, ಭಾನುವಾರ ನಿಕಾಹ್. ಬಾಕಿ ಇರುವುದು ಒಂದೇ ಸಹಿ. ಕೆಲಸ ಕೊಟ್ಟ ಕಫೀಲನ ಒಪ್ಪಿಗೆಯ ಎಕ್ಸಿಟ್ ಪೇಪರ್ ಇಲ್ಲದೆ ಈ ದೇಶದಿಂದ ಯಾವ ಡ್ರೈವರೂ ವಿಮಾನ ಹತ್ತುವಂತಿಲ್ಲ. ಆ ಪೇಪರ್ ಕಫೀಲನ ಆಫೀಸಿನ ಓಡಾಟದ ಮನುಷ್ಯನಾದ ಅನ್ಸಾಫನ ಕೈಯಲ್ಲೇ ಇತ್ತು. ಸಹಿ ಹಾಕುವ ಅಧಿಕಾರವೂ ಅವನದೇ. ಆದರೆ ಪೊಲೀಸ್ ದೂರು ಹೋದರೆ ಖಲಾಸ್.

ದೂರು ಕೊಡುವವನು ಮೇಜಿನ ಎದುರು, ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕಾಲಿನ್ ವಾಟ್ಕಿನ್. ನಲವತ್ತು ದಾಟಿದ ಇಂಗ್ಲಿಷಿನವ, ದೋಹಾ ಬಿಸಿಲಿಗೆ ಮೂಗು ಟೊಮೆಟೊ ಆಗಿತ್ತು. ಬಂದು ನಾಲ್ಕು ದಿನ.

ಹದಿನಾರು ದಿನಗಳ ಹಿಂದೆ ಇವನ ದೊಡ್ಡಪ್ಪ, ಮುದುಕ ವಾಟ್ಕಿನ್ ಸಾಹೇಬರು, ಜಿಕ್ರೀತಿನ ಕಡಲ ಕಡೆ ಹೋದವರು ವಾಪಸ್ ಬರಲಿಲ್ಲ. ಮರಳಿನ ಮೇಲೆ ಸಿಕ್ಕಿದ್ದು ಅವರ ಜೀಪು ಮತ್ತು ಸಾಲಾಗಿ ಇಟ್ಟ ಒಂದು ಜೊತೆ ಬೂಟು. ಬೂಟಿನೊಳಗೆ ಮಡಚಿಟ್ಟ ಕಾಲುಚೀಲ. ಮುಳುಗಿದರು ಅಂದರು ಪೊಲೀಸರು.

“ಬರೆಯಿರಿ,” ಎಂದ ಕಾಲಿನ್ ಇಂಗ್ಲಿಷಿನಲ್ಲಿ. “ದೊಡ್ಡಪ್ಪನ ಮುಐದರ್ ವಿಲ್ಲಾದಿಂದ ಒಂದು ತಗಡಿನ ಪೆಟ್ಟಿಗೆ ಕಾಣೆಯಾಗಿದೆ. ಅದರಲ್ಲಿ ನಮ್ಮೂರಿನ ಜಮೀನಿನ ಪತ್ರ ಇತ್ತು. ವಿಲ್ಲಾದ ಬೀಗದಕೈ ಇದ್ದದ್ದು ಈ ಡ್ರೈವರ್ ಹತ್ತಿರ ಮಾತ್ರ.”

“ಜಮೀನು ಯಾವುದು ಸರ್?”

“ಆಲ್ಡರ್‌ವಿಕ್ ಸ್ಟೇಷನ್ ಹಿಂದಿನ ಹುಲ್ಲುಗಾವಲು. ಅರ್ಜಿಗೆ ಅದೆಲ್ಲ ಬೇಕೇ?”

“ಅರಬಿಯಲ್ಲಿ ಎಲ್ಲ ಬೇಕು ಸರ್,” ಎಂದ ತಾರಾನಾಥ. ಅಪ್ಪಟ ಸುಳ್ಳು. ಯೋಚನೆಗೆ ಸ್ವಲ್ಪ ಹೊತ್ತು ಬೇಕಿತ್ತು.

ಆ ಹುಲ್ಲುಗಾವಲು ಅವನಿಗೆ ಗೊತ್ತು. ಸೀಟಿ ಹಾಕಿದರೆ ಬೇಲಿಯ ಹತ್ತಿರ ಬರುತ್ತಿದ್ದ, ಒಂದು ಕಣ್ಣು ಕುರುಡಾದ ಆ ಕುಳ್ಳ ಕುದುರೆಯೂ ಗೊತ್ತು. ಇಂಗ್ಲೆಂಡ್ ಮಾತ್ರ ಅವನು ಕಂಡಿರಲಿಲ್ಲ.

ಎರಡು ವರ್ಷ, ಪ್ರತಿ ಗುರುವಾರ, ಮಧ್ಯಾಹ್ನ ಅಂಗಡಿಯ ಶಟರು ಅರ್ಧ ಇಳಿದ ಮೇಲೆ ವಾಟ್ಕಿನ್ ಸಾಹೇಬರು ಬಗ್ಗಿ ಒಳಗೆ ಬರುತ್ತಿದ್ದರು. ಕಂಕುಳಲ್ಲಿ ನೀಲಿ ಫೈಲು. ಹಿಂದಿನಿಂದ ಅವರ ಡ್ರೈವರ್ ಯಾಕೂಬ್. ಅವನು ಇದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎರಡನೇ ನಿಮಿಷಕ್ಕೆ ಗೊರಕೆ ಶುರು ಮಾಡುತ್ತಿದ್ದ. ಸಾಹೇಬರಿಗೆ ಕಂಪ್ಯೂಟರ್ ಆಗದು. ಮೂಲೆಯ ಹಳೇ ಟೈಪ್‌ರೈಟರಿಗೇ ಕಾರ್ಬನ್ ಸೇರಿಸಿ ಹಾಳೆ ಏರಿಸಬೇಕು. ಆಮೇಲೆ ಕಣ್ಣು ಮುಚ್ಚಿ ತಮ್ಮ ಊರಿನ ಕಥೆ ಹೇಳಿ ಬರೆಸಿ, ಹಾಳೆಯನ್ನು ಫೈಲಿಗೆ ಸೇರಿಸುತ್ತಿದ್ದರು.

‘ತಾರಾ, ನಮ್ಮೂರು ಹಳ್ಳಿಯಲ್ಲ, ಪೇಟೆಯೂ ಅಲ್ಲ. ಒಂದು ಕಾಲು ಸೆಗಣಿಯಲ್ಲಿ, ಇನ್ನೊಂದು ಕಾಲು ಲಂಡನ್ ರೈಲಿನಲ್ಲಿ.’

ಅಲ್ಲಿ ಐದಕ್ಕೆ ಎದ್ದು ಹಾಲು ಕರೆದವನೇ ಏಳೂ ಹತ್ತರ ರೈಲಿಗೆ ಟೈ ಕಟ್ಟಿ ನಿಲ್ಲುತ್ತಿದ್ದ. ಕೆರೆಯ ಬದಿಯ ರಸ್ತೆಯಲ್ಲಿ ‘ನಿಧಾನ, ಬಾತುಗಳಿವೆ’ ಎಂಬ ಬೋರ್ಡು. ಬುಧವಾರ ಮಧ್ಯಾಹ್ನ ಊರಿನ ಅಂಗಡಿಗಳೆಲ್ಲ ಬಾಗಿಲು ಎಳೆಯುತ್ತಿದ್ದವು. ಸತ್ತರೂ ಗುರುವಾರದವರೆಗೆ ಶವಪೆಟ್ಟಿಗೆಗೆ ಮೊಳೆ ಸಿಗದು ಅಂತ ಗಾದೆ. ಬೇಲಿಯಲ್ಲಿ ಕಪ್ಪು ಹಣ್ಣು, ಕಿತ್ತು ತಿಂದು ನಾಲಿಗೆ ನೇರಳೆಯಾದ ಮಕ್ಕಳು. ಆಮೇಲೆ ಬಂದವು ಒಂದೇ ಅಚ್ಚಿನ ಕೆಂಪಿಟ್ಟಿಗೆಯ ಮನೆಗಳು. ‘ಮರ ಕಡಿದರು ತಾರಾ, ಕಡಿದ ಮರದ ಹೆಸರನ್ನೇ ಬೀದಿಗೆ ಇಟ್ಟರು,’ ಎಂದು ನಕ್ಕು ಕೆಮ್ಮುತ್ತಿದ್ದರು. ಉಳಿದದ್ದು ಸ್ಟೇಷನ್ ಹಿಂದಿನ ಆ ಒಂದು ಹುಲ್ಲುಗಾವಲು. ಅದನ್ನು ಮಾತ್ರ ಸಾಹೇಬರು ಯಾರಿಗೂ ಕೊಟ್ಟಿರಲಿಲ್ಲ.

ಸಾಹೇಬರು ಮುಐದರಿನಲ್ಲಿ ಮನೆ ಹಿಡಿದದ್ದೂ ಅದಕ್ಕೇ. ಗೋಡೆಯ ಆಚೆ ಆಡು, ಈಚೆ ಸೂಪರ್‌ಮಾರ್ಕೆಟು. ‘ಇದು ಆಲ್ಡರ್‌ವಿಕ್ಕಿನ ತಂಗಿ,’ ಅನ್ನುತ್ತಿದ್ದರು.

ಕೇಳುತ್ತ ಕೇಳುತ್ತ ತಾರಾನಾಥನಿಗೆ ಅದು ತನ್ನ ಊರೇ ಆಗಿಹೋಗಿತ್ತು. ರಾತ್ರಿ ಹೆಂಡತಿ ವೇದಾ ಅನ್ನ ಬಡಿಸುವಾಗ “ಇವತ್ತು ಬೇಕರಿಯವನ ಮಗಳು ರೈಲಿನ ಗಾರ್ಡನ ಜೊತೆ ಓಡಿಹೋದ್ಳು,” ಎಂದು ಹೇಳಿ, “ಯಾವ ಬೇಕರಿ? ಇಲ್ಲೇ ಪಕ್ಕದ ಮನ್ಸೂರಾದ್ದಾ?” ಅಂತ ಅವಳು ಗಾಬರಿ ಬಿದ್ದದ್ದೂ ಉಂಟು.

“ತಾರಣ್ಣ!” ಅನ್ಸಾಫ್ ಮೇಜು ಕುಟ್ಟಿದ. “ಎಂಥ ಕನಸು ಮಾರಾಯ್ರೆ? ಹೊಡೀರಿ.”

“ಪೆಟ್ಟಿಗೆ ಇವನೇ ತೆಗೆದದ್ದು ಅಂತ ನೋಡಿದವರು ಯಾರು?”

“ಅದು ನಿಮ್ಗೆ ಯಾಕೆ? ಮನ್ಸೂರಾದ ಹೋಟೆಲಲ್ಲಿ ನಾಲ್ಕು ಜನ ಸಿಐಡಿ ಟೈಪಿಸ್ಟ್ ಅಂದ ಕೂಡ್ಲೆ ನೀವು ಪೊಲೀಸ್ ಆದಿರಾ?” ಅನ್ಸಾಫ್ ದನಿ ತಗ್ಗಿಸಿದ. “ನಂಗೂ ಬೇಜಾರುಂಟು. ಯಾಕೂಬ ನಮ್ಮೂರಿನವನೇ ಅಲ್ವಾ. ಆದ್ರೆ ಈ ಇಂಗ್ಲಿಷಿನವನ ಪಾಸ್‌ಪೋರ್ಟಲ್ಲಿ ವಾಟ್ಕಿನ್ ಅಂತ ಉಂಟು. ಕಫೀಲನಿಗೆ ಅಷ್ಟೇ ಸಾಕು.”

“ನಮ್ಮಲ್ಲಿ ಶೆಟ್ರು ಎಷ್ಟು ಜನ ಇದ್ದಾರೋ ಅಲ್ಲಿ ವಾಟ್ಕಿನ್ ಅಷ್ಟು ಜನ ಇರ್ಬಹುದು ಅನ್ಸಾಫ್.”

ಯಾಕೂಬ್ ತಲೆ ಎತ್ತಲಿಲ್ಲ. ಅದೇ ತಾರಾನಾಥನನ್ನು ಕೊರೆಯುತ್ತಿತ್ತು. ಸೊಳ್ಳೆ ಕಚ್ಚಿದರೂ ಊರಿಗೆಲ್ಲ ಕೇಳುವ ಹಾಗೆ ಬೊಬ್ಬೆ ಹೊಡೆಯುವ ಮನುಷ್ಯ, ಕಳ್ಳ ಅನ್ನಿಸಿಕೊಂಡು ಬೆಳಗಿನಿಂದ ಒಂದು ಮಾತು ಆಡಿಲ್ಲ.

ಕಾಲಿನ್ ಎದ್ದ. ಬೇಸರಕ್ಕೋ ಏನೋ ಗೋಡೆಯ ಹತ್ತಿರ ಹೋಗಿ ನಿಂತ. ಅಲ್ಲಿ ಕಟ್ಟು ಹಾಕಿದ ಒಂದು ನಕ್ಷೆ ತೂಗುತ್ತಿತ್ತು. ವಾಟ್ಕಿನ್ ಸಾಹೇಬರು ಕೈಯಾರೆ ಬರೆದು ದೀಪಾವಳಿಗೆ ಕೊಟ್ಟದ್ದು. ಎಣ್ಣೆ ಕಂಪನಿಯಲ್ಲಿ ಸರ್ವೇಯರ್ ಆಗಿದ್ದವರು. ಅಳತೆಯಲ್ಲಿ ಒಂದು ಮೊಳ ವ್ಯತ್ಯಾಸವಾದರೂ ನಿದ್ದೆ ಬಾರದ ಮನುಷ್ಯ.

“ಓಹ್,” ಎಂದ ಕಾಲಿನ್. “ಇದು ಆಲ್ಡರ್‌ವಿಕ್!”

“ನಿಮ್ಮ ಊರಾ ಸರ್?”

“ಮತ್ತೆ? ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ದೊಡ್ಡಪ್ಪನೇ. ಹದಿನೆಂಟು ವರ್ಷ ಅಲ್ಲೇ ಬೆಳೆದೆ. ಹುಲ್ಲುಗಾವಲು ನಿನಗೇ ಅಂದಿದ್ದರು.” ಅವನ ದನಿ ಮೆತ್ತಗಾಯಿತು. ಬೆರಳು ನಕ್ಷೆಯ ಮೇಲೆ ನಡೆಯಿತು. “ಇಲ್ಲಿ ಕೆರೆ. ಬಾತುಗಳಿಗೆ ಬೋರ್ಡು ಇತ್ತು, ಗೊತ್ತಾ? ಇಲ್ಲಿ ಬೇಕರಿ. ಇದು ಸ್ಟೇಷನ್, ಏಳೂ ಹತ್ತರ ರೈಲು. ಬುಧವಾರ ಮಧ್ಯಾಹ್ನ ಊರಿಗೆ ಊರೇ ನಿದ್ದೆ.”

ಎಲ್ಲ ಸರಿ. ಒಂದಿಂಚೂ ತಪ್ಪಿಲ್ಲ. ನಿಜಕ್ಕೂ ಇವನು ಆ ಊರಿನವನೇ ಇರಬೇಕು. ಅನ್ಸಾಫ್ ‘ನೋಡಿದಿರಾ’ ಎಂಬಂತೆ ಹುಬ್ಬು ಹಾರಿಸಿದ.

“ಎಲ್ಲಕ್ಕಿಂತ ನೆನಪಾಗುವುದು ಇದು,” ಎಂದ ಕಾಲಿನ್. ಬೆರಳು ಕೆರೆಯ ಪಕ್ಕದ ಓಕ್ ಮರದ ಮೇಲೆ ನಿಂತಿತ್ತು. “ಈ ಮರದ ಸುತ್ತ ಒಂದು ಕಲ್ಲಿನ ಆಸನ ಇತ್ತು. ಎದೆಯೆತ್ತರ. ಬೇಸಿಗೆಯಲ್ಲೂ ತಣ್ಣಗೆ. ಸಂಜೆ ಮುದುಕರೆಲ್ಲ ಕೊನೇ ಬಸ್ಸು ಬರುವವರೆಗೆ ಅಲ್ಲೇ. ತಮಾಷೆ ಅಂದರೆ, ಹತ್ತುವ ಮೊದಲು ಎಲ್ಲರೂ ಬೂಟು ಕೆಳಗೆ ಬಿಡಬೇಕು. ಅದೊಂದು ಪದ್ಧತಿ. ನಾನೂ ಸಣ್ಣವನಿದ್ದಾಗ ಬೂಟು ಬಿಚ್ಚಿಟ್ಟು ಹತ್ತುತ್ತಿದ್ದೆ.”

ತಾರಾನಾಥ ಕೀಲಿಮಣೆಯಿಂದ ಕೈ ತೆಗೆದ.

“ಅನ್ಸಾಫ್,” ಎಂದ ನಿಧಾನಕ್ಕೆ, “ಪಕ್ಕದ ಕೆಫೆಗೆ ನಾಲ್ಕು ಸುಲೈಮಾನಿ ಹೇಳು.”

“ಈಗ ಚಾಯ ಎಂಥದು!”

“ಹೇಳು ಮಾರಾಯ.”

ಹೋದ ವರ್ಷದ ಜುಲೈ. ಸಾಹೇಬರಿಗೆ ಜ್ವರ. ಬಂದವರೇ ಸೋಫಾದಲ್ಲಿ ಒರಗಿ, ‘ಇವತ್ತು ಕೆರೆಬದಿಯ ಸಂಜೆ ಬರೆಯಬೇಕು. ನನ್ನಿಂದ ಆಗದು. ನೀನೇ ಬರಿ ತಾರಾ, ಆ ಊರು ನಿನಗೆ ಬಾಯಿಪಾಠ ಆಗಿದೆಯಲ್ಲ,’ ಎಂದು ನಿದ್ದೆಹೋದರು. ಅವರ ಗೊರಕೆ ಒಂದು ಕಡೆ, ಯಾಕೂಬನ ಗೊರಕೆ ಇನ್ನೊಂದು ಕಡೆ. ತಾರಾನಾಥ ಹಾಳೆ ಏರಿಸಿದ. ಕೆರೆ ಬರೆದ, ಬಾತು ಬರೆದ, ಮರ ಬರೆದ. ಮರ ಬರೆದ ಮೇಲೆ ಕೈ ನಿಲ್ಲಲಿಲ್ಲ.

ಕಿನ್ನಿಗೋಳಿಯಲ್ಲಿ ಬಸ್ಸು ಕಾಯುತ್ತ ಅವನು ಬೆಳೆದ ಕಟ್ಟೆ. ಅಶ್ವತ್ಥದ ಸುತ್ತ ಕಲ್ಲು ಕಟ್ಟಿ, ಕೂತು ಕೂತು ನುಣುಪಾದದ್ದು. ಕೆಳಗೆ ಚಪ್ಪಲಿಗಳ ಸಾಲು. ಮೇಲೆ ಯಾರಿದ್ದಾರೆ ಅಂತ ತಲೆ ಎತ್ತಿ ನೋಡಬೇಕಿಲ್ಲ, ಚಪ್ಪಲಿ ನೋಡಿದರೆ ಸಾಕು. ಅಪ್ಪನ ಬಾರು ಹರಿದ ಚಪ್ಪಲಿ ಕಂಡರೆ ಅವನು ಹಿಂದಿನ ದಾರಿಯಿಂದ ಓಡುತ್ತಿದ್ದ. ಅದೆಲ್ಲ ಬೆರಳಿಂದ ಇಳಿದು ಇಂಗ್ಲಿಷಾಗಿ ಆಲ್ಡರ್‌ವಿಕ್ಕಿನ ಓಕ್ ಮರದ ಸುತ್ತ ಕೂತಿತು. ಅವನಿಗೆ ತಪ್ಪು ಮಾಡಿದ್ದೇ ಗೊತ್ತಾಗಲಿಲ್ಲ. ಮರ ಅಂದ ಮೇಲೆ ಕಟ್ಟೆ ಇರದೆ ಇರುತ್ತದೆಯೇ?

ಎದ್ದು ಓದಿದ ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ‘ತಾರಾ, ನಮ್ಮೂರಲ್ಲಿ ದಾರಿಬದಿ ಯಾರಾದರೂ ಬೂಟು ಬಿಚ್ಚಿದರೆ ಪಾದ್ರಿ ಡಾಕ್ಟರಿಗೆ ಹೇಳಿಕಳಿಸುತ್ತಾನೆ!’

‘ತೆಗೆದುಬಿಡ್ತೇನೆ ಸರ್.’

‘ಬೇಡ.’ ಹಾಳೆಯನ್ನು ಫೈಲಿಗೆ ಸೇರಿಸುತ್ತ ಹೇಳಿದ್ದರು: ‘ಇರಲಿ ಬಿಡು. ಇರಬೇಕಿತ್ತು ಅಲ್ಲಿ ಅಂಥದ್ದೊಂದು. ಇದ್ದಿದ್ದರೆ ನಾನು ಊರು ಬಿಡುತ್ತಿರಲಿಲ್ಲವೋ ಏನೋ.’ ಅವತ್ತಿನಿಂದ ಅವರ ನಾಲಿಗೆಗೆ ‘ಕಟ್ಟೆ’ ಅನ್ನುವ ಒಂದು ಮಾತು ಹತ್ತಿಕೊಂಡಿತು.

ಚಾಯ ಬಂತು. ತಾರಾನಾಥ ಗ್ಲಾಸನ್ನು ಕಾಲಿನ್ ಮುಂದೆ ಸರಿಸಿದ. ತಾನು ಕುಡಿಯಲಿಲ್ಲ.

“ಸರ್, ಆ ಕಲ್ಲಿನ ಆಸನ ಈ ನಕ್ಷೆಯಲ್ಲಿ ಯಾಕೆ ಇಲ್ಲ?”

“ಮರೆತಿರಬೇಕು.”

“ಸ್ಟೇಷನ್ನಿನ ಕೊಳಾಯಿ ಉಂಟು. ಕೆರೆಯ ಮೂರು ಮೆಟ್ಟಿಲು ಉಂಟು. ಎದೆಯೆತ್ತರದ ಆಸನ ಮರೆತರಾ? ಸರ್ವೇಯರ್?”

“ನಾನು ಅಲ್ಲಿ ಕೂತಿದ್ದೇನೆ ಕಣಯ್ಯಾ!”

“ಬೂಟು ಬಿಚ್ಚಿ?”

“ಹೌದು, ಬೂಟು ಬಿಚ್ಚಿ.”

ತಾರಾನಾಥ ಕೆಳಗಿನ ಡ್ರಾಯರ್ ಎಳೆದ. ಅವನ ಅಂಗಡಿಯಲ್ಲಿ ಟೈಪ್‌ರೈಟರಿಗೆ ಏರಿದ ಯಾವ ಹಾಳೆಯ ಕಾರ್ಬನ್ ಪ್ರತಿಯನ್ನೂ ಎಸೆಯುವ ಕ್ರಮವಿಲ್ಲ. ಇಪ್ಪತ್ತಮೂರನೇ ಪುಟ ತೆಗೆದು ಓದಿದ. ಎದೆಯೆತ್ತರ. ಬೇಸಿಗೆಯಲ್ಲೂ ತಣ್ಣಗೆ. ಕೊನೇ ಬಸ್ಸು. ಕೆಳಗೆ ಬಿಟ್ಟ ಬೂಟು. ಕಾಲಿನ್ ಬಾಯಿಂದ ಬಂದದ್ದೆಲ್ಲ ಅದೇ ಸಾಲಿನಲ್ಲಿ, ಅದೇ ಮಾತಿನಲ್ಲಿ ಅಲ್ಲಿತ್ತು.

“ಇದನ್ನು ಬರೆದದ್ದು ನಿಮ್ಮ ದೊಡ್ಡಪ್ಪ ಅಲ್ಲ, ನಾನು,” ಎಂದ ತಾರಾನಾಥ. “ನೀವು ಕೂತ ಕಟ್ಟೆ ಆಲ್ಡರ್‌ವಿಕ್ಕಿನಲ್ಲಿ ಇಲ್ಲ ಸರ್. ಅದು ಕಿನ್ನಿಗೋಳಿ ಬಸ್‌ಸ್ಟ್ಯಾಂಡಿನ ಹತ್ತಿರ ಉಂಟು. ನೀವು ಅಲ್ಲಿಗೆ ಯಾವಾಗ ಬಂದಿದ್ದಿರಿ?”

ಅನ್ಸಾಫನ ಬಾಯಲ್ಲಿ ಚಾಯ ಅಲ್ಲೇ ನಿಂತಿತು.

“ಈ ಮಾತು ಇರುವುದು ಎರಡೇ ಕಡೆ. ಒಂದು ಈ ಡ್ರಾಯರಲ್ಲಿ. ಇನ್ನೊಂದು ಸಾಹೇಬರ ನೀಲಿ ಫೈಲಲ್ಲಿ. ಸಾಹೇಬರು ಕಾಣೆಯಾದ ದಿನವೇ ಆ ಫೈಲೂ ವಿಲ್ಲಾದಿಂದ ಕಾಣೆಯಾಗಿದೆ ಅಂತ ಪೊಲೀಸರೇ ಅಂದಿದ್ದಾರೆ. ಆ ಊರು ನೀವು ನೋಡಿಲ್ಲ. ಓದಿದ್ದೀರಿ.”

“ಬ್ಯಾಗ್ ತೆಗೀರಿ ಮಿಸ್ಟರ್,” ಎಂದ ಅನ್ಸಾಫ್. ಈಗ ಅವನ ಇಂಗ್ಲಿಷಿನಲ್ಲಿ ಸರ್ ಇರಲಿಲ್ಲ.

ಕಾಲಿನ್ ತಡಮಾಡಲಿಲ್ಲ. ಚರ್ಮದ ಚೀಲದಿಂದ ನೀಲಿ ಫೈಲು ತೆಗೆದು ಮೇಜಿನ ಮೇಲಿಟ್ಟ. ಮೂಲೆ ಸವೆದದ್ದು, ಚಹಾದ ಕಲೆ ಇದ್ದದ್ದು. ತಾರಾನಾಥನಿಗೆ ಸಾಹೇಬರ ಕಂಕುಳನ್ನೇ ಕಂಡ ಹಾಗಾಯಿತು.

ಯಾಕೂಬನ ಎಕ್ಸಿಟ್ ಪೇಪರನ್ನು ಅನ್ಸಾಫ್ ಮೇಜಿನ ಮೇಲೆ ಬಿಡಿಸಿ, ಜೇಬಿನಿಂದ ಪೆನ್ನು ತೆಗೆದ. “ಖಲಾಸ್. ದೂರು ಇಲ್ಲ, ಎಂಥದೂ ಇಲ್ಲ. ಯಾಕೂಬ್, ಮಗಳ ಮದುವೆ ಬಿರಿಯಾನಿ ನಂಗೆ ಪಾರ್ಸೆಲ್ ತರ್ಬೇಕು, ಆಯ್ತಾ?”

“ಒಂದು ನಿಮಿಷ,” ಎಂದ ಕಾಲಿನ್. ಅವನು ಮುಗುಳ್ನಗುತ್ತಿದ್ದ. “ಸರಿ. ನಾನು ಅಲ್ಲಿ ಬೆಳೆದಿಲ್ಲ. ಈ ಫೈಲು ನನಗೆ ಹೇಗೆ ಸಿಕ್ಕಿತು ಅಂತ ಕೇಳುವುದಿಲ್ಲವೇ?” ಅವನ ಬೆರಳು ಪ್ಲಾಸ್ಟಿಕ್ ಕುರ್ಚಿಯ ಕಡೆ ತಿರುಗಿತು. “ಮಂಗಳವಾರ ಸಂಜೆ ನನ್ನ ಕೈಗೆ ಕೊಟ್ಟವನು ಇವನೇ. ಹದಿನಾರು ದಿನದಿಂದ ಕಾಣೆಯಾದ ಫೈಲು ಇವನ ಹತ್ತಿರ ಇತ್ತು. ಹಾಗಾದರೆ ಪೆಟ್ಟಿಗೆ ಎಲ್ಲಿದೆ? ಮುದುಕ ಎಲ್ಲಿದ್ದಾನೆ? ಅದನ್ನೂ ಟೈಪ್ ಮಾಡಿ.”

ಪೆನ್ನು ಕಾಗದ ಮುಟ್ಟುವ ಮೊದಲೇ ನಿಂತಿತು.

“ಹೌದಾ ಯಾಕೂಬ್?”

ಯಾಕೂಬ್ ಬಗ್ಗಿ ರಟ್ಟಿನ ಪೆಟ್ಟಿಗೆಯ ಹಗ್ಗ ಬಿಗಿದ.

“ಮಾತಾಡು ಮಾರಾಯ! ಇವ ಬೆಳೆದದ್ದು ಸುಳ್ಳಾದ್ರೆ ನೀನು ಕದ್ದದ್ದು ಸುಳ್ಳಾಗುದಿಲ್ಲ ಅಲ್ವಾ?” ಅನ್ಸಾಫ್ ಪೆನ್ನಿಗೆ ಮುಚ್ಚಳ ಹಾಕಿದ. “ಹನ್ನೆರಡು ಐವತ್ತು. ಹತ್ತು ನಿಮಿಷ ಉಂಟು. ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ.”

ತಾರಾನಾಥ ಯಾಕೂಬನ ರಟ್ಟೆ ಹಿಡಿದು ಎಬ್ಬಿಸಿ, ಪ್ಲೈವುಡ್ ಗೋಡೆಯ ಹಿಂದೆ, ಜೆರಾಕ್ಸ್ ಮಿಷಿನ್ನಿನ ಹತ್ತಿರ ಎಳೆದುಕೊಂಡು ಹೋದ.

“ಜುಮಾನಾಳ ಮುಖ ನೆನಪು ಮಾಡಿ ಹೇಳು. ಫೈಲು ನೀನು ಕೊಟ್ಟದ್ದಾ?”

“ನಾನೇ ಕೊಟ್ಟದ್ದು ತಾರಣ್ಣ.”

ತಾರಾನಾಥನಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. “ಯಾಕೆ? ಏನು ಆಸೆ ತೋರಿಸಿದ ಅವ?”

“ಆಸೆ ಎಂಥದು! ಸಾಹೇಬ್ರು ಹೇಳಿದ್ರು, ಕೊಟ್ಟೆ. ‘ಆಲ್ಡರ್‌ವಿಕ್ಕಿನವ ಅಂತ ಹೇಳ್ಕೊಂಡು ಯಾರಾದ್ರೂ ಬಂದ್ರೆ ಈ ಫೈಲ್ ಓದ್ಲಿಕ್ಕೆ ಕೊಡು. ನಮ್ಮೂರಿನವನಾದ್ರೆ ಕಟ್ಟೆ ಓದಿ ನಗ್ತಾನೆ. ಕಳ್ಳನಾದ್ರೆ ಅದರ ಮೇಲೆ ಹತ್ತಿ ಕೂರ್ತಾನೆ. ತಾರಾನಿಗೆ ಗೊತ್ತಾಗ್ತದೆ’ ಅಂದ್ರು.”

“ಸಾಯುವ ಮೊದಲೇ ಹೇಳಿದ್ರಾ?”

ಯಾಕೂಬ್ ಅವನ ಕಿವಿಯ ಹತ್ತಿರ ಬಗ್ಗಿದ. ಉಸಿರು ಬಿಸಿಯಾಗಿತ್ತು. “ಹೇಳಿದ್ದು ಮೊನ್ನೆ ಸೋಮವಾರ.”

ಜೆರಾಕ್ಸ್ ಮಿಷಿನ್ ಗುಂಯ್ ಅನ್ನುತ್ತಿತ್ತು.

“ಬೂಟು ಕೆಳಗೆ ಬಿಟ್ಟವ ಸತ್ತಿದ್ದಾನೆ ಅಂತ ಯಾರು ಹೇಳಿದ್ದು ತಾರಣ್ಣ? ಕಟ್ಟೆ ಹತ್ತಿದವ ವಾಪಸ್ ಇಳೀತಾನೆ ಅಲ್ವಾ? ಸಾಹೇಬ್ರಿಗೆ ಊರಿಂದ ಕಾಗದದ ಮೇಲೆ ಕಾಗದ ಬರ್ತಿತ್ತು, ಹುಲ್ಲುಗಾವಲು ಬಿಟ್ಟುಕೊಡು, ಇಲ್ಲದಿದ್ರೆ ನೋಡ್ಕೊಳ್ತೇವೆ ಅಂತ. ಅವ್ರನ್ನು ಅಡಗಿಸಿದ್ದು ನಾನೇ. ತಗಡಿನ ಪೆಟ್ಟಿಗೆಯೂ ಅವ್ರತ್ರವೇ ಉಂಟು. ಯಾರಿಗೂ ಹೇಳುದಿಲ್ಲ ಅಂತ ಮಗಳ ತಲೆ ಮುಟ್ಟಿದ ಹಾಗೆ ಮಾತು ಕೊಟ್ಟಿದ್ದೇನೆ. ಈಗ ಬಾಯಿ ಬಿಟ್ರೆ ಆ ಕೆಂಪು ಮೂಗಿನವನಿಗೆ ಗೊತ್ತಾಗ್ತದೆ. ಬಿಡದಿದ್ರೆ ನನ್ನ ಮಗಳ ನಿಕಾಹಿಗೆ ಅಪ್ಪ ಇಲ್ಲ.” ಅವನು ಪ್ಲೈವುಡ್ಡಿನ ಆಚೆ ಒಮ್ಮೆ ಇಣುಕಿದ. “ನಿಮ್ಗೂ ಹೇಳುವ ಹಾಗಿರ್ಲಿಲ್ಲ. ಅವ್ರೇ ಹೇಳ್ತೇನೆ ಅಂದಿದ್ರು.”

“ಯಾವಾಗ?”

“ಇವತ್ತು. ಗುರುವಾರ ಅಲ್ವಾ? ಒಂದು ಗಂಟೆಗೆ ಅಂಗಡಿಗೆ ಫೋನ್ ಮಾಡ್ತಾರೆ. ಕಟ್ಟೆ ಮೇಲೆ ಯಾರು ಕೂತ್ರು ಅಂತ ಕೇಳ್ಲಿಕ್ಕೆ.”

ಪ್ಲೈವುಡ್ಡಿನ ಆಚೆ ಫೋನು ಹೊಡೆದುಕೊಂಡಿತು.

ತಾರಾನಾಥ ತಿರುಗಿದ. ಯಾಕೂಬನ ಪೆಟ್ಟಿಗೆಗೆ ಕಾಲು ತಾಗಿ ಮುಗ್ಗರಿಸಿ, ಮೇಜಿನ ಅಂಚು ಹಿಡಿದು ನಿಂತ. ಎರಡನೇ ಸಲ ಹೊಡೆದದ್ದು ಅರ್ಧಕ್ಕೇ ನಿಂತಿತ್ತು. ಫೋನಿಗೆ ಹತ್ತಿರ ಇದ್ದದ್ದು ಕಾಲಿನ್ ಕೈ. ರಿಸೀವರ್ ಆಗಲೇ ಅವನ ಕಿವಿಯಲ್ಲಿತ್ತು.

ಮೇಜಿನ ಈಚೆಯವರೆಗೂ ಕೇಳಿಸಿತು ಒಂದು ಕೆಮ್ಮು. ಎರಡು ವರ್ಷ, ಪ್ರತಿ ಗುರುವಾರ ಕೇಳಿದ ಕೆಮ್ಮು. ಆಮೇಲೆ ತೆಳುವಾದ ಹಳೇ ದನಿ: “ತಾರಾ? ಕಟ್ಟೆ ಮೇಲೆ ಯಾರು ಕೂತರು?”

ಕಾಲಿನ್ ತಾರಾನಾಥನ ಕಣ್ಣನ್ನೇ ನೋಡಿದ. ರಿಸೀವರನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

“ನಾನೇ ದೊಡ್ಡಪ್ಪಾ,” ಎಂದ ಮೆಲ್ಲಗೆ. “ನೀವು ಎಲ್ಲಿದ್ದೀರಿ?”